ಕಂಪನಿಯ ಬೋರ್ಡು ಏರಿಸುವ ಮೊದಲು

ಬೆಂಗಳೂರು ಬಿಟ್ಟು ಬಂದು ಶಿರಸಿಯಲ್ಲೋ ಯಲ್ಲಾಪುರದಲ್ಲೋ ಫ್ರಾಂಚೈಸಿ ಅಂಗಡಿ ತೆರೆಯಲು ಹೊರಟಿದ್ದೀಯಲ್ಲ ತಮಾ, ಬಹಳ ಸಂತೋಷ. ನಮ್ಮ ಊರುಗಳಲ್ಲಿ ಹುಡುಗರು ಉಳಿಯಬೇಕು. ಆದರೆ ಸಹಿಗೆ ಮೊದಲು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಓದು. ಕಂಪನಿಯ ಕರಾರು ಐದು ವರ್ಷದ್ದು, ಮಳಿಗೆಯದು ಹನ್ನೊಂದು ತಿಂಗಳದ್ದು. ಅವಧಿ ಮುಗಿದ ದಿನ ಮಾಲೀಕರು ‘ಇನ್ನು ಬೇಡ’ ಅಂದುಬಿಟ್ಟರೆ? ಒಪ್ಪಿದ ಜಾಗ ಕೈತಪ್ಪಿದರೆ ಫ್ರಾಂಚೈಸಿಯೂ ರದ್ದು ಎಂದು ಇಂಥ ಕರಾರುಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ. ಫ್ರೀಜರು, ಗಾಜು, ಸೀಲಿಂಗಿಗೆ ಸುರಿದ ಲಕ್ಷಗಳು ನಿನ್ನವು.

ಮಾಲೀಕರು ಪರಿಚಯದವರೇ, ಬಾಂಡ್ ಪೇಪರಿನಲ್ಲಿ ಐದು ವರ್ಷ ಅಂತ ಬರೆಸಿಕೊಂಡರಾಯಿತು ಎನ್ನಬೇಡ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಮಿನ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು. ಆಗದಿದ್ದರೆ ಆ ಐದು ವರ್ಷಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ. ಹದಿನೈದು ದಿನದ ನೋಟಿಸಿಗೆ ಎದ್ದುಹೋಗಬೇಕಾದ ತಿಂಗಳ ಬಾಡಿಗೆದಾರ ನೀನು. ಬಾಡಿಗೆ ಕಾಯ್ದೆ ಕಾಯುತ್ತದೆ ಎಂಬ ನಂಬಿಕೆಯೂ ಬೇಡ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 14 ಚದರ ಮೀಟರ್ ಮೀರಿದ ವ್ಯಾಪಾರಿ ಮಳಿಗೆಗೆ ಅನ್ವಯಿಸುವುದಿಲ್ಲ. ನೋಂದಣಿ ಖರ್ಚು ಯಾರದ್ದೆಂದು ಮೊದಲೇ ಮಾತಾಡಿಕೊಂಡು ಉಪನೋಂದಣಿ ಕಚೇರಿಗೆ ಹೋಗಿ ಬಾ.

ಬಾಡಿಗೆ ತಪ್ಪಿದರೆ ಏನು ಎಂಬ ಕಲಮನ್ನಂತೂ ಎರಡು ಸಲ ಓದು. ‘ಒಂದು ತಿಂಗಳ ಬಾಕಿಯಾದರೂ ಕೂಡಲೇ ರದ್ದು’ ಎಂದಿದ್ದರೆ ಸಹಿ ಹಾಕಬೇಡ. ನಮ್ಮ ಸೀಮೆಯ ದುಡ್ಡು ಹೇಗೆ ಓಡಾಡುತ್ತದೆಂದು ಕಂಪನಿಗೆ ಗೊತ್ತಿಲ್ಲ, ನಿನಗೆ ಗೊತ್ತು. ಕೊನೆಕೊಯ್ಲು ಮುಗಿದು, ಚಾಲಿ ಒಣಗಿ, ಅಡಿಕೆ ಟೆಂಡರಿಗೆ ಬಂದಮೇಲೆ ಪೇಟೆಗೆ ಕಳೆ. ಆಷಾಢದ ಜಡಿಮಳೆಯಲ್ಲಿ ಸಿದ್ದಾಪುರದ ಪೇಟೆ ಕತ್ತಲಾಗುವ ಮೊದಲೇ ಖಾಲಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ದಿನಗಳ ಗಲ್ಲಾಪೆಟ್ಟಿಗೆ ನೋಡಿ ಬಾಡಿಗೆ ಒಪ್ಪಬೇಡ. ಬಾಕಿಯಾದರೆ ಲಿಖಿತ ನೋಟಿಸು ಕೊಡಬೇಕು, ಕಟ್ಟಲು ಮೂವತ್ತು ದಿನ ಬಿಡಬೇಕು ಎಂದು ಸೇರಿಸು. ನೋಟಿಸಿನ ಪ್ರತಿ ಕಂಪನಿಗೂ ಹೋಗಲಿ. ಅದಕ್ಕೂ ಜಾಗ ಬೇಕು, ಬಾಕಿ ಕಟ್ಟಿ ಗುತ್ತಿಗೆಯನ್ನು ತಾನು ವಹಿಸಿಕೊಳ್ಳುವ ಹಕ್ಕನ್ನು ಕೇಳಬಹುದು. ಕೊಡು, ಆದರೆ ನಿನ್ನ ಮೂವತ್ತು ದಿನ ಮುಗಿದ ಮೇಲೆ ಮಾತ್ರ. ಇಲ್ಲವಾದರೆ ಅಂಗಡಿ ಉಳಿಯುತ್ತದೆ, ಗಲ್ಲಾದ ಮೇಲೆ ಬೇರೆಯವರು ಕೂತಿರುತ್ತಾರೆ.

ಬಾಕಿಯ ಕಾರಣಕ್ಕೇ ಗುತ್ತಿಗೆ ಮುರಿದು ದಾವೆ ಹೂಡಿದರೂ, ಬಾಕಿ, ಬಡ್ಡಿ, ದಾವೆಯ ಖರ್ಚು ಎಲ್ಲ ಕಟ್ಟಿದರೆ ಗುತ್ತಿಗೆ ಉಳಿಸಿಕೊಡುವ ಅಧಿಕಾರ ಆಸ್ತಿ ವರ್ಗಾವಣೆ ಕಾಯ್ದೆಯ 114ನೇ ಕಲಮಿನಡಿ ನ್ಯಾಯಾಲಯಕ್ಕಿದೆ. ಅದು ನ್ಯಾಯಾಧೀಶರ ವಿವೇಚನೆ, ನಿನ್ನ ಹಕ್ಕಲ್ಲ. ಅದನ್ನೇ ನಂಬಿ ಬಾಡಿಗೆ ನಿಲ್ಲಿಸಬೇಡ.

ಹಾಗೆಯೇ, ಅರಬೈಲು ಘಟ್ಟ ಕುಸಿದು ರಸ್ತೆ ಬಂದ್ ಆಯಿತು, ಗಿರಾಕಿ ಇಲ್ಲ ಎಂದರೆ ಬಾಡಿಗೆ ತಾನಾಗಿ ಮಾಫಿ ಆಗದು. ಲಾಕ್‌ಡೌನ್ ಹೊತ್ತಿನಲ್ಲಿ ಖಾನ್ ಮಾರ್ಕೆಟ್ಟಿನ ಅಂಗಡಿಯೊಂದರ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2020ರ ಮೇ ತಿಂಗಳಲ್ಲಿ ಬಾಡಿಗೆ ತಡೆಹಿಡಿಯಲು ಒಪ್ಪಲಿಲ್ಲ. ಕಟ್ಟಲು ಸಮಯವನ್ನಷ್ಟೇ ಕೊಟ್ಟಿತು. ರಿಯಾಯಿತಿ ಬೇಕಿದ್ದರೆ ಅದು ಕರಾರಿನಲ್ಲೇ ಇರಬೇಕು. ಘಟ್ಟದ ಮೇಲಿನವರು ಮಳೆಯ ಮಾತನ್ನು ಬರೆಸದೆ ಬಿಡುವುದೆಂದರೇನು?

ಇನ್ನೊಂದು, ಜನ ಮರೆಯುವುದು ಇದನ್ನೇ. ಕಂಪನಿಯೇ ಕೈಕೊಟ್ಟರೆ? ಬ್ರ್ಯಾಂಡು ಮುಚ್ಚಿದರೂ ಮಳಿಗೆಯ ಲಾಕ್-ಇನ್, ಅಂದರೆ ನಡುವೆ ಬಿಡಲಾಗದ ಅವಧಿ, ಮುಗಿಯುವ ತನಕ ಬಾಡಿಗೆ ಕಟ್ಟುವವ ನೀನು. ಫ್ರಾಂಚೈಸಿ ನಿಂತರೆ ಎರಡು ತಿಂಗಳ ನೋಟಿಸು ಕೊಟ್ಟು ಬಿಡಬಹುದು, ಅಥವಾ ಅದೇ ಮಳಿಗೆಯಲ್ಲಿ ಬೇರೆ ವ್ಯಾಪಾರ ಮಾಡಬಹುದು ಎಂದು ಬರೆಸು. ಬಿಡುವಾಗ ಮುಂಗಡ ಎಷ್ಟು ದಿನದಲ್ಲಿ ವಾಪಸು, ಬೋರ್ಡು ಇಳಿಸಿ ಗೋಡೆಯ ತೂತು ಮುಚ್ಚುವವರು ಯಾರು, ಎಸಿ ಯಾರದ್ದು, ಅದೂ ಬರಲಿ. ಕರಡನ್ನು ಒಂದು ಸಂಜೆ ತಂದುಕೊಡು, ಕೂತು ಓದೋಣ.