ಮೂರು ಪುಸ್ತಕ, ಒಂದೇ ಸಾಕ್ಷಿ

ನಿಮ್ಮ ಪಾಂಪೇ ಲೇಖನ ಸೊಗಸಾಗಿ ಓದಿಸಿಕೊಳ್ಳುತ್ತದೆ. ಆದರೆ ವೆಸೂವಿಯಸ್ ಜ್ವಾಲಾಮುಖಿ ಸಿಡಿದದ್ದು ಕ್ರಿ.ಶ. 79ರ ಆಗಸ್ಟ್ 24ರಂದು ಎನ್ನಲು ನೀವು ಹೆಸರಿಸಿರುವ ಮೂರು ಪುಸ್ತಕಗಳೂ ಕೊನೆಗೆ ನಿಲ್ಲುವುದು ಒಂದೇ ಕಡೆ: ಕಿರಿಯ ಪ್ಲಿನಿ ಇತಿಹಾಸಕಾರ ಟ್ಯಾಸಿಟಸ್‌ಗೆ ಬರೆದ ಪತ್ರದಲ್ಲಿ. ಅದನ್ನು ಅವನು ಬರೆದದ್ದು ಸುಮಾರು ಕಾಲು ಶತಮಾನದ ನಂತರ. ಮೂಲಪ್ರತಿ ಉಳಿದಿಲ್ಲ, ಮಧ್ಯಯುಗದ ನಕಲುಗಳಲ್ಲಿ ದಿನಾಂಕ ಒಂದೇ ತೆರನಾಗಿಯೂ ಇಲ್ಲ. ಆದ್ದರಿಂದ ನಾಲ್ಕನೆಯ ಪುಸ್ತಕ ಹುಡುಕಬೇಡಿ, ಪ್ಲಿನಿಗೆ ಸಂಬಂಧವೇ ಇಲ್ಲದ ಸಾಕ್ಷ್ಯ ಹುಡುಕಿ. ಅದು ಪಾಂಪೇಯ ಮಣ್ಣಿನಲ್ಲೇ ಇದೆ. ಶರತ್ಕಾಲದ ಹಣ್ಣುಗಳ ಅವಶೇಷ ಸಿಕ್ಕಿದೆ. 2018ರಲ್ಲಿ ಒಂದು ಮನೆಯ ಗೋಡೆಯ ಮೇಲೆ ಅಕ್ಟೋಬರ್ 17ಕ್ಕೆ ಸರಿಹೊಂದುವ ಇದ್ದಿಲ ಬರಹ ಕಾಣಿಸಿತು.

ಹಾಗಾದರೆ ಪ್ಲಿನಿಯನ್ನು ಕೈಬಿಡಬೇಕೇ? ಖಂಡಿತ ಬೇಡ. ಅವನು ಕಂಡ ಮರದಾಕಾರದ ಮೋಡ ಜ್ವಾಲಾಮುಖಿ ತಜ್ಞರು ಬಿಡಿಸಿ ಓದಿದ ಬೂದಿಯ ಪದರಗಳೊಂದಿಗೆ ಹೊಂದುತ್ತದೆ. ಕಣ್ಣಾರೆ ಕಂಡದ್ದಕ್ಕೆ ಅವನು ಗಟ್ಟಿ ಸಾಕ್ಷಿ, ದಿನಾಂಕಕ್ಕೆ ಅಲ್ಲ. ಇದ್ದಿಲ ಬರಹವನ್ನೂ ಹಾಗೆಯೇ ತೂಗಿ ನೋಡಿ. ಅದರಲ್ಲಿ ವರ್ಷವಿಲ್ಲ, ಹಿಂದಿನ ವರ್ಷದ್ದೆಂದು ವಾದಿಸುವವರಿದ್ದಾರೆ. ಇಷ್ಟೆಲ್ಲ ಸಾಮಾನ್ಯ ಓದುಗರಿಗೆ ಭಾರವಾದೀತೆಂಬ ನಿಮ್ಮ ಅಳುಕು ನನಗೆ ಒಪ್ಪಿಗೆಯಿಲ್ಲ. ಯಾರು, ಎಲ್ಲಿಂದ, ಎಷ್ಟು ಕಾಲದ ಮೇಲೆ ಹೇಳಿದರೆಂಬುದು ಒಂದು ವಾಕ್ಯದಲ್ಲಿ ಹಿಡಿಯುತ್ತದೆ. ದಯವಿಟ್ಟು ಆ ವಾಕ್ಯವನ್ನು ಅಡಿಟಿಪ್ಪಣಿಗೆ ತಳ್ಳದೆ ಲೇಖನದ ಒಳಗೇ ಬರೆಯಿರಿ.