ಬ್ಯಾಂಕಿನ ಕಣ್ಣಿಗೆ ಬೀಳದ ಬಾಡಿಗೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ತಿಂಗಳಿಗೆ 18,000 ಬಾಡಿಗೆ ಬರುತ್ತಿತ್ತು. ಅದರ ಸಾಲದ ಕಂತು 24,300. ಕೈಯಿಂದ ಹಾಕುವುದು 6,300 ಮಾತ್ರ ತಾನೇ ಎಂಬ ಧೈರ್ಯದಲ್ಲೇ 2023ರಲ್ಲಿ ಕೆಂಗೇರಿಯ 62 ಲಕ್ಷದ ಫ್ಲಾಟಿಗೆ 45 ಲಕ್ಷ ಸಾಲ ಕೇಳಲು ಹೋದೆ.

ಸಾಲದ ವಿಭಾಗದ ಹುಡುಗಿ ಬಾಡಿಗೆ ಕರಾರು ಕೇಳಿದಳು. ಹನ್ನೊಂದು ತಿಂಗಳ ಕರಾರು ಮುಗಿದು ಎರಡು ವರ್ಷವಾಗಿತ್ತು. ಬಾಡಿಗೆದಾರರು ಒಳ್ಳೆಯವರು, ಮತ್ತೆ ಬರೆಸುವ ಗೋಜಿಗೆ ನಾನು ಹೋಗಿರಲಿಲ್ಲ. ಬಾಡಿಗೆ ಯಾವ ಖಾತೆಗೆ ಬರುತ್ತೆ ಅಂದಳು. ಮೈಸೂರಿನಲ್ಲೇ ಇರುವ ಅಮ್ಮನ ಕೈಗೆ, ನಗದಾಗಿ. ರಿಟರ್ನ್ಸ್‌ನಲ್ಲಿ ತೋರಿಸಿದ್ದೀರಾ? ಇಲ್ಲ.

“ಹಾಗಾದ್ರೆ ಬಾಡಿಗೆ ಇಲ್ಲ ಅಂತಲೇ ಹಾಕ್ಕೊಳ್ತೀನಿ ಸಾರ್.”

ಕೈಗೆ ಬರುವ ನನ್ನ ಸಂಬಳ 92,000. ಎಲ್ಲ ಸಾಲಗಳ ಕಂತು ಸೇರಿ ಅದರ ಅರ್ಧ ಮೀರಬಾರದು ಎಂಬುದು ಆ ಬ್ಯಾಂಕಿನ ಲೆಕ್ಕ. 46,000ದಲ್ಲಿ ಹಳೆಯ ಕಂತು ಕಳೆದರೆ ಉಳಿದದ್ದು 21,700. ಶೇ 8.5ರ ಬಡ್ಡಿಗೆ, ಇಪ್ಪತ್ತು ವರ್ಷಕ್ಕೆ, ಲಕ್ಷಕ್ಕೆ 868 ರೂಪಾಯಿ ಕಂತು. ಅಂದರೆ ನನಗೆ ಸಿಗುವುದು 25 ಲಕ್ಷ.

ಕಾಗದಪತ್ರ ಸರಿಯಿದ್ದಿದ್ದರೆ? ಆಗಲೂ ನಾನಂದುಕೊಂಡಷ್ಟು ಸಿಗುತ್ತಿರಲಿಲ್ಲ. ನಾನು ಬಾಡಿಗೆಯನ್ನು ನೇರವಾಗಿ ಕಂತಿನಿಂದ ಕಳೆದಿದ್ದೆ. ಬ್ಯಾಂಕು ಅದನ್ನು ಆದಾಯಕ್ಕೆ ಸೇರಿಸುತ್ತದೆ, ಅದೂ ಪೂರ್ತಿಯಲ್ಲ. ಮನೆ ಖಾಲಿ ಬೀಳಬಹುದು, ರಿಪೇರಿ ಬರಬಹುದು ಎಂದು ಶೇ 70 ಹಿಡಿದರೆ 12,600. ಅದರಲ್ಲಿ ಅರ್ಧ ತಾನೇ ಕಂತಿಗೆ? 6,300. ಹದಿನೆಂಟು ಸಾವಿರದ ಬಾಡಿಗೆಯಿಂದ ಹೆಚ್ಚುವ ಸಾಲ ಬರೀ ಏಳು ಲಕ್ಷ ಚಿಲ್ಲರೆ.

ಹೊಟ್ಟೆ ಉರಿದದ್ದು ತೆರಿಗೆ ಲೆಕ್ಕ ಹಾಕಿದಾಗ. ವರ್ಷದ ಬಾಡಿಗೆ 2,16,000. ರಿಪೇರಿ ಮಾಡಿಸಲಿ ಬಿಡಲಿ, ಶೇ 30 ಕಾನೂನೇ ಕಳೆಯುತ್ತದೆ, ಉಳಿಯುವುದು 1,51,200. ಸಾಲದ ಬಡ್ಡಿಯೇ ಎರಡು ಲಕ್ಷ ದಾಟುತ್ತಿತ್ತು. ನಾನಿದ್ದ ಹೊಸ ತೆರಿಗೆ ಪದ್ಧತಿಯಲ್ಲೂ ಬಾಡಿಗೆಗೆ ಕೊಟ್ಟ ಮನೆಯ ಬಡ್ಡಿಯನ್ನು ಬಾಡಿಗೆಯಿಂದ ಕಳೆಯಬಹುದು. ಮಿಕ್ಕ ನಷ್ಟವನ್ನು ಸಂಬಳದ ಮೇಲೆ ಹಾಕುವಂತಿಲ್ಲ, ಅಷ್ಟೆ. ಆ ಬಾಡಿಗೆಗೆ ಒಂದು ರೂಪಾಯಿ ತೆರಿಗೆಯೂ ಬೀಳುತ್ತಿರಲಿಲ್ಲ. ಇಲ್ಲದ ತೆರಿಗೆಗೆ ಹೆದರಿ ಇರುವ ಆದಾಯವನ್ನು ಬಚ್ಚಿಟ್ಟಿದ್ದೆ!

ಕೊನೆಗೆ ಕೈಹಿಡಿದವಳು ಹೆಂಡತಿ. ಕಾಲೇಜಿನಲ್ಲಿ ಪಾಠ ಮಾಡುವ ಅವಳ ಸಂಬಳ 36,000, ತಲೆಯ ಮೇಲೆ ಯಾವ ಸಾಲವೂ ಇಲ್ಲ. ಅವಳು ಜಂಟಿ ಅರ್ಜಿದಾರಳಾದರೆ ಇನ್ನೂ 18,000 ಕಂತಿಗೆ ಜಾಗ. ನಾನು ಬಾಡಿಗೆಯನ್ನು ನಂಬಿ ತುಂಬಿಸಿದ್ದ ಸಂಖ್ಯೆಯೇ. “ಆಗಲಿ ರೀ, ಕ್ರಯಪತ್ರದಲ್ಲಿ ನನ್ನ ಹೆಸರು ಮೊದಲು ಬರಲಿ” ಅಂದಳು. ಬಂತು.

ಬ್ಯಾಂಕ್ ಕೇಳದ ಇನ್ನೊಂದು ಲೆಕ್ಕವಿತ್ತು. 30ರಿಂದ 75 ಲಕ್ಷದವರೆಗಿನ ಸಾಲದಲ್ಲಿ ಮನೆಯ ಬೆಲೆಯ ಶೇ 80ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಮುದ್ರಾಂಕ ಶುಲ್ಕ, ನೋಂದಣಿ ಖರ್ಚು ಆ ಬೆಲೆಗೆ ಸೇರುವುದಿಲ್ಲ. (ನೋಂದಣಿ ಶುಲ್ಕ ಆಗ ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2.) ಕೈಯಿಂದ ಹಾಕಬೇಕಿದ್ದ ಹದಿನೇಳು ಲಕ್ಷದ ಜೊತೆಗೆ ಈ ಖರ್ಚನ್ನೂ ಹೊಂದಿಸುವ ಭರದಲ್ಲಿ ಬಾಡಿಗೆದಾರರ ಅಡ್ವಾನ್ಸ್ ಒಂದೂವರೆ ಲಕ್ಷವನ್ನೂ ಬಳಸಿಬಿಟ್ಟಿದ್ದೆ. ಅದು ನನ್ನ ದುಡ್ಡಲ್ಲ, ಅವರಿಗೆ ಕೊಡಬೇಕಾದ ಸಾಲ. ಫ್ಲಾಟ್ ನೋಂದಣಿಯಾದ ಎರಡನೇ ತಿಂಗಳಿಗೇ ಅವರಿಗೆ ವರ್ಗವಾಯಿತು. ಹೆಂಡತಿಯ ಬಳೆ ಒತ್ತೆಯಿಟ್ಟು ಅಡ್ವಾನ್ಸ್ ಹಿಂತಿರುಗಿಸಿದೆ. ಮನೆ ಎರಡು ತಿಂಗಳು ಖಾಲಿ; ಹಳೆಯ, ಹೊಸ ಎರಡೂ ಕಂತು ಸೇರಿ ತಿಂಗಳಿಗೆ 63,350 ಸಂಬಳದಿಂದಲೇ ಹೋಯಿತು. ಬ್ಯಾಂಕು ಬಾಡಿಗೆಯಲ್ಲಿ ಶೇ 30 ಯಾಕೆ ಕಡಿತ ಮಾಡುತ್ತದೆಂದು ಆಗ ಯಾರೂ ವಿವರಿಸಬೇಕಾಗಲಿಲ್ಲ.

ಈಗ ಹೊಸ ಕರಾರು, 19,000 ಬಾಡಿಗೆ, ನೇರ ನನ್ನ ಖಾತೆಗೆ. ಮೊದಲ ತಿಂಗಳು ಅಮ್ಮ ಫೋನ್ ಮಾಡಿ, “ಬಾಡಿಗೆಯೋರು ಈ ಸಲ ದುಡ್ಡೇ ಕೊಟ್ಟಿಲ್ವಲ್ಲೋ” ಅಂದಳು. ಅವಳ ಔಷಧಿಯ ದುಡ್ಡನ್ನು ಈಗ ಐದನೇ ತಾರೀಕು ನಾನೇ ಕಳಿಸುತ್ತೇನೆ, ಪಾಸ್‌ಬುಕ್ಕಿನಲ್ಲಿ ಬೀಳುವ ಹಾಗೆ.