ಮಳೆಗಾಲದ ಡಬ್ಬಿ, ಬಸುರಿಯ ಬಟ್ಟಲು

ಇನ್ನಂಜೆ ಕಡೆಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಆಟಿ ತಿಂಗಳು. ಎರಡು ವಾರದಿಂದ ಬಿಡದೆ ಸುರಿಯುವ ಮಳೆಗೆ ಅಂಗಳ ಪಾಚಿಗಟ್ಟಿದೆ. ಬೇಸಗೆಯಲ್ಲಿ ತಂದಿಟ್ಟ ನೆಲಗಡಲೆಯ ಡಬ್ಬಿ ತೆರೆದರೆ ಮುಗ್ಗಲು ವಾಸನೆ. ಅಡಿಯ ಬೀಜಗಳ ಮೇಲೆ ಹಸಿರು ಬೂಷ್ಟು. ದುಡ್ಡು ಕೊಟ್ಟು ತಂದದ್ದನ್ನು ಎಸೆಯಲು ಅತ್ತೆಗೆ ಮನಸ್ಸು ಬಾರದು. "ತೊಳೆದು ಹುರಿದರೆ ಆಯಿತು ಮಗಾ, ಬಸುರಿಗೆ ನೆಲಗಡಲೆ ಒಳ್ಳೆಯದು" ಎಂದು ಸೊಸೆಯ ಮುಂದಿಡುತ್ತಾರೆ. ತೀರಾ ಕೆಟ್ಟದ್ದು ಹಟ್ಟಿಯ ದನದ ಅಕ್ಕಚ್ಚಿಗೆ ಹೋಗುತ್ತದೆ.

ಅತ್ತೆಯ ಪ್ರೀತಿಯಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ತಿಳುವಳಿಕೆಯಲ್ಲಿ. ಆ ಬೂಷ್ಟು ಹೊಟ್ಟೆಯೊಳಗಿನ ಮಗುವಿಗೆ ಏನು ಮಾಡಬಲ್ಲದು ಎಂಬುದನ್ನು ಇಲ್ಲಿ ನೋಡೋಣ.

ತೊಳೆದರೂ ಹೋಗದ ವಿಷ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುಬಿದ್ದವು. ಹುಡುಕಿದಾಗ ಕಾರಣ ಸಿಕ್ಕಿದ್ದು ಅವು ತಿಂದ ನೆಲಗಡಲೆ ಹಿಂಡಿಯಲ್ಲಿ. ಅದರಲ್ಲಿ ಬೆಳೆದ ಬೂಷ್ಟು ಒಂದು ವಿಷವನ್ನು ಬಿಟ್ಟಿತ್ತು. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ನೆಲಗಡಲೆ, ಜೋಳ, ಕೊಬ್ಬರಿ, ಒಣಮೆಣಸು, ಸರಿಯಾಗಿ ಒಣಗದ ಅಕ್ಕಿ ಇವೆಲ್ಲದರಲ್ಲೂ ಅದು ಉಂಟಾಗಬಹುದು. ಬಿಸಿ ಮತ್ತು ತೇವ ಎರಡೂ ಕೂಡಿದ ಹವೆ ಅದಕ್ಕೆ ಹಿತ. ನಮ್ಮ ಕರಾವಳಿಯದು ಅಂಥದೇ ಹವೆ.

ಎಲ್ಲ ಬೂಷ್ಟೂ ವಿಷ ಬಿಡುವುದಿಲ್ಲ. ಆದರೆ ಯಾವುದು ಬಿಡುತ್ತದೆ, ಯಾವುದು ಬಿಡುವುದಿಲ್ಲ ಎಂದು ಕಣ್ಣಿನಿಂದ ಹೇಳಲಾಗದು. ಮೇಲಿನ ಬೂಷ್ಟನ್ನು ಒರೆಸಬಹುದು, ಕಾಳಿನೊಳಗೆ ಇಳಿದ ವಿಷವನ್ನು ಒರೆಸಲಾಗದು. ಕುದಿಸಿದರೂ ಅದು ನಾಶವಾಗುವುದಿಲ್ಲ. ಹುರಿದರೆ ಸ್ವಲ್ಪ ಕಡಿಮೆಯಾದೀತು, ಪೂರ್ತಿ ಹೋಗದು.

ಗರ್ಭದಲ್ಲಿ ಏನಾಗುತ್ತದೆ?

ಮಗುವಿಗೂ ತಾಯಿಗೂ ನಡುವೆ ಇರುವ ಮಾಸು ಎಲ್ಲವನ್ನೂ ತಡೆಯುವ ಗೋಡೆ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಅಫ್ಲಟಾಕ್ಸಿನ್ ಅದನ್ನು ದಾಟುತ್ತದೆ; ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದು ಪತ್ತೆಯಾಗಿದೆ. ಪಶ್ಚಿಮ ಆಫ್ರಿಕದ ಗ್ಯಾಂಬಿಯಾದಲ್ಲಿ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಗರ್ಭಿಣಿಯಾಗಿದ್ದಾಗ ಯಾರ ರಕ್ತದಲ್ಲಿ ಈ ವಿಷದ ಗುರುತು ಹೆಚ್ಚಾಗಿತ್ತೋ, ಅವರ ಮಕ್ಕಳು ಮೊದಲ ವರ್ಷದಲ್ಲಿ ತೂಕ ಮತ್ತು ಎತ್ತರ ಎರಡರಲ್ಲೂ ಹಿಂದೆ ಬಿದ್ದುದು ಅದರಲ್ಲಿ ಕಂಡುಬಂತು.

1995ರ ಪಾಠ

ಇದು ದೂರದ ಮಾತೆಂದು ತಿಳಿಯಬೇಡಿ. 1995ರಲ್ಲಿ ಕರ್ನಾಟಕ ಮತ್ತು ಆಂಧ್ರಪ್ರದೇಶದ ಬಯಲುಸೀಮೆಯಲ್ಲಿ ಅಕಾಲ ಮಳೆಗೆ ಸಿಕ್ಕಿ ಬಿಳಿಜೋಳವೂ ಮೆಕ್ಕೆಜೋಳವೂ ಬೂಷ್ಟು ಹಿಡಿದವು. ಬೇರೆ ಧಾನ್ಯವಿಲ್ಲದ ಬಡವರು ಅದನ್ನೇ ರೊಟ್ಟಿ ಮಾಡಿ ಉಂಡರು. ಹೊಟ್ಟೆನೋವು, ಭೇದಿ ಹಳ್ಳಿಗಳಲ್ಲಿ ಹಬ್ಬಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿದಾಗ ಆ ಕಾಳಿನಲ್ಲಿ ಫ್ಯೂಮೊನಿಸಿನ್ ಎಂಬ ಇನ್ನೊಂದು ಬೂಷ್ಟಿನ ವಿಷ ಸಿಕ್ಕಿತು. ಕೆಟ್ಟ ಕಾಳು ಬಿಟ್ಟವರು ಗುಣವಾದರು.

ಈ ಫ್ಯೂಮೊನಿಸಿನ್ ಬಸುರಿಯರ ವಿಷಯದಲ್ಲಿ ಇನ್ನೂ ಗಂಭೀರ. ಮಗುವಿನ ಮೆದುಳು ಮತ್ತು ಬೆನ್ನುಹುರಿ ರೂಪುಗೊಳ್ಳಲು ಫೋಲಿಕ್ ಆಮ್ಲ ಬೇಕು. ಜೀವಕೋಶಗಳು ಅದನ್ನು ಹೀರಿಕೊಳ್ಳದಂತೆ ಈ ವಿಷ ಅಡ್ಡಿಪಡಿಸುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಅಮೆರಿಕದ ಟೆಕ್ಸಾಸಿನಲ್ಲಿ, ಮೆಕ್ಸಿಕೋ ಗಡಿಯ ಬ್ರೌನ್ಸ್‌ವಿಲ್ ಸುತ್ತ, 1990-91ರಲ್ಲಿ ಮೆದುಳು ಬೆಳೆಯದ ಹಲವು ಶಿಶುಗಳು ಹುಟ್ಟಿದವು. ಅಲ್ಲಿಯವರ ನಿತ್ಯದ ಊಟ ಮೆಕ್ಕೆಜೋಳದ ರೊಟ್ಟಿ. ಇದೊಂದೇ ಕಾರಣವೆಂದು ಸಾಬೀತಾಗಿಲ್ಲವಾದರೂ, ನಂತರದ ಅಧ್ಯಯನದಲ್ಲಿ ಆ ರೊಟ್ಟಿಯ ವಿಷಕ್ಕೂ ಇಂಥ ಜನನಗಳಿಗೂ ನಂಟು ಕಂಡಿತು.

ಮಗುವಿನ ಬೆನ್ನುಹುರಿಯ ನಾಳ ಮುಚ್ಚುವುದು ಗರ್ಭ ನಿಂತ ಸುಮಾರು 28 ದಿನಗಳೊಳಗೆ. ತಾನು ಬಸುರಿ ಎಂದು ಹೆಣ್ಣಿಗೆ ತಿಳಿಯುವ ಮೊದಲೇ ಅದು ಮುಗಿದಿರಬಹುದು. ಆದ್ದರಿಂದ ಎಚ್ಚರ ಬಯಕೆಯೂಟದ ದಿನ ಶುರುವಾದರೆ ಸಾಲದು, ಮದುವೆಯಾಗಿ ಬಂದ ದಿನವೇ ಶುರುವಾಗಬೇಕು.

ಹಟ್ಟಿಯಿಂದ ಮರಳಿ ಬರುವುದು

ಈಗ ದನಕ್ಕೆ ಹಾಕಿದ ಪಾಲನ್ನು ನೆನೆಯಿರಿ. ಬೂಷ್ಟು ಹಿಡಿದ ಹಿಂಡಿಯನ್ನೋ ಬೀಜವನ್ನೋ ತಿಂದ ಹಸುವಿನ ಹಾಲಿನಲ್ಲಿ, ಒಂದು ದಿನದೊಳಗಾಗಿ ಆ ವಿಷದ ಇನ್ನೊಂದು ರೂಪ ಕಾಣಿಸಿಕೊಳ್ಳುತ್ತದೆ. ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ. ರಾತ್ರಿ ಅತ್ತೆಯೇ ಅಕ್ಕರೆಯಿಂದ ಸೊಸೆಗೆ ಕೊಡುವ ಲೋಟದಲ್ಲಿ, ಬೆಳಿಗ್ಗೆ ಹಟ್ಟಿಗೆ ಹೋದದ್ದೇ ಮರಳಿ ಬಂದಿರಬಹುದು! ಸಮಾಧಾನದ ಸಂಗತಿಯೆಂದರೆ, ಒಳ್ಳೆಯ ಮೇವು ಕೊಟ್ಟರೆ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ.

ಹಾಗಾದರೆ ಮೀನು?

ನಮ್ಮ ಊರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯ ಪಾದರಸ ಸಮುದ್ರ ಸೇರಿ, ಮೀನಿನ ಮೂಲಕ ಜನರನ್ನು ಮುಟ್ಟಿದ್ದರಿಂದ ಆದ ಕಾಯಿಲೆ 1956ರಲ್ಲಿ ಬೆಳಕಿಗೆ ಬಂತು. ಹೆಚ್ಚೇನೂ ತೊಂದರೆ ಕಾಣದ ತಾಯಂದಿರಿಗೂ ಮೆದುಳಿಗೆ ಹಾನಿಯಾದ ಮಕ್ಕಳು ಹುಟ್ಟಿದರು. ಬೇರೆ ಮೀನು ತಿಂದು ಬಹುಕಾಲ ಬದುಕುವ ದೊಡ್ಡ ಮೀನುಗಳಲ್ಲಿ ಪಾದರಸ ಹೆಚ್ಚು ಶೇಖರವಾಗುತ್ತದೆ. ಆದ್ದರಿಂದ ಬಸುರಿಯರು ಶಾರ್ಕ್‌ನಂಥ ಮೀನು ಬಿಡುವುದು, ದೊಡ್ಡ ಅಂಜಲ್ ಮಿತವಾಗಿ ತಿನ್ನುವುದು ಒಳಿತು. ಬೂತಾಯಿ, ಬಂಗುಡೆಗಳಿಗೆ ಹೆದರಬೇಕಿಲ್ಲ. ಅಗ್ಗದ ಆ ಮೀನೇ ಮಗುವಿನ ಮೆದುಳಿಗೆ ಒಳ್ಳೆಯ ಆಹಾರ.

ನಾವು ಮಾಡಬೇಕಾದುದು

• ಮಳೆಗೆ ಮೊದಲೇ ಧಾನ್ಯ, ಕೊಬ್ಬರಿ, ಮೆಣಸು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಅಕ್ಕಿ ಮೂಟೆ ನೆಲಕ್ಕೂ ಗೋಡೆಗೂ ತಾಗದಿರಲಿ.
• ನೆಲಗಡಲೆಯನ್ನು ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವೇ ತನ್ನಿ. ಮುರುಟಿದ, ಬಣ್ಣಗೆಟ್ಟ, ಕಹಿಯಾದ ಬೀಜವನ್ನು ಆರಿಸಿ ತೆಗೆಯಿರಿ.
• ಬೂಷ್ಟು ಹಿಡಿದದ್ದನ್ನು ದನಕ್ಕೂ ಕೋಳಿಗೂ ಹಾಕದೆ ಮಣ್ಣಿನಲ್ಲಿ ಹೂಳಿರಿ. ಬೂಷ್ಟು ಬಂದ ಕೊಬ್ಬರಿಯನ್ನು ಎಣ್ಣೆಗೆ ಕೊಡಬೇಡಿ.
• ವೈದ್ಯರು ಕೊಟ್ಟ ಫೋಲಿಕ್ ಆಮ್ಲ, ಕಬ್ಬಿಣದ ಮಾತ್ರೆ ತಪ್ಪಿಸಬೇಡಿ.

ಹೆದರಿ ನೆಲಗಡಲೆ, ಹಾಲು, ಮೀನು ಬಿಟ್ಟುಬಿಡುವುದು ಇನ್ನೊಂದು ತಪ್ಪು. ಬಸುರಿಗೆ ಅವು ಬೇಕೇ ಬೇಕು, ಒಳ್ಳೆಯದು ಬೇಕು. ಅನೇಕ ಮನೆಗಳಲ್ಲಿ ಎಲ್ಲರಿಗೂ ಬಡಿಸಿ, ಉಳಿದದ್ದನ್ನು, ಹಳತನ್ನು ಸೊಸೆ ಉಣ್ಣುವ ರೂಢಿ ಇನ್ನೂ ಇದೆ. ಒಂದು ಡಬ್ಬಿ ನೆಲಗಡಲೆ ಎಸೆದರೆ ಆಗುವ ನಷ್ಟ ಕೆಲವು ರೂಪಾಯಿಯದು. ಮಗುವಿನ ಬೆಳವಣಿಗೆಗೆ ಅಂಥ ಲೆಕ್ಕವಿಲ್ಲ.

ಮನೆಯವರು ಕೂಡಿ ಯೋಚಿಸಲು

1. ನಮ್ಮ ಮನೆಯಲ್ಲಿ ಹಳತಾದ ಆಹಾರ ಕೊನೆಗೆ ಯಾರ ಬಟ್ಟಲಿಗೆ ಬೀಳುತ್ತದೆ?
2. ಬಸುರಿಗೆ ಮೊದಲು ಬಡಿಸಲು ನಮಗೆ ಏನು ಅಡ್ಡಿ?